ಬಿಲ್ ಕಟ್ಟಿದೆ ಅಂದ್ರೆ ಏಜೆಂಟ್ ಟಾಸ್ಕನ್ನೇ ಅಳಿಸುತ್ತೆ, ಏನು ಮಾಡೋದು?

ಪ್ರಶ್ನೆ: ನಾವು ಮೂವರು ಗೆಳೆಯರು ವಿಜಯನಗರದಲ್ಲಿ ಸಣ್ಣದೊಂದು ಆಫೀಸ್ ಇಟ್ಟುಕೊಂಡು ಮನೆಕೆಲಸದ ಪಟ್ಟಿ ನೋಡಿಕೊಳ್ಳುವ ಆ್ಯಪ್ ಮಾಡುತ್ತಿದ್ದೇವೆ. ಜನ ಕನ್ನಡದಲ್ಲೋ, ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲೋ ಹೇಳುತ್ತಾರೆ. ಎಐ ಏಜೆಂಟ್ ಅದನ್ನು ಕೇಳಿ ಪಟ್ಟಿ ತಿದ್ದುತ್ತದೆ. ಅದಕ್ಕೆ ಏಳು ಟೂಲ್ (ಪಟ್ಟಿ ತಿದ್ದಲು ಅದು ಕರೆಯಬಹುದಾದ ಫಂಕ್ಷನ್‌ಗಳು) ಕೊಟ್ಟಿದ್ದೇವೆ: ಆಡ್ ಟಾಸ್ಕ್, ಅಪ್‌ಡೇಟ್ ಟಾಸ್ಕ್, ಕಂಪ್ಲೀಟ್ ಟಾಸ್ಕ್, ಡಿಲೀಟ್ ಟಾಸ್ಕ್, ಗೆಟ್ ಟಾಸ್ಕ್ಸ್, ಸರ್ಚ್ ಟಾಸ್ಕ್ಸ್, ಮ್ಯಾನೇಜ್ ಲಿಸ್ಟ್. ಪ್ರತಿಯೊಂದಕ್ಕೂ ಒಂದೊಂದು ಸಾಲಿನ ವಿವರಣೆ ಇದೆ.

ತೊಂದರೆಗಳು ಇವು. ಒಬ್ಬರು "ಬೆಸ್ಕಾಂ ಬಿಲ್ ಕಟ್ಟಿದ್ದಾಯ್ತು, ತೆಗೆದುಬಿಡು" ಅಂದರು. ಏಜೆಂಟ್ ಆ ಟಾಸ್ಕನ್ನೇ ಡಿಲೀಟ್ ಮಾಡಿತು. ಅದು ಪ್ರತಿ ತಿಂಗಳು ಬರುವ ಟಾಸ್ಕ್, ಮುಂದಿನ ತಿಂಗಳು ಜ್ಞಾಪನೆಯೇ ಬರಲಿಲ್ಲ. ಇನ್ನೊಬ್ಬರು "ಅಕ್ಕಿ ಮುಗೀತು" ಅಂದರೆ, ಪಟ್ಟಿಯಲ್ಲಿದ್ದ "ಅಕ್ಕಿ ತರೋದು" ಮುಗಿದಿದೆ ಎಂದು ಟಿಕ್ ಹಾಕಿತು. ಬೆಳಗಿನ ಜಾವ ಐದು ಗಂಟೆಗೆ "ಇವತ್ತು" ಅಂದರೆ ನಿನ್ನೆಯ ತಾರೀಕು ಬೀಳುತ್ತದೆ. "ಪ್ಲಂಬರ್‌ಗೆ ಫೋನ್ ಮಾಡಬೇಕು" ಎಂದಷ್ಟೇ ಹೇಳಿದರೂ ತಾನೇ ಒಂದು ತಾರೀಕು ಹಾಕಿ, ಹೈ ಪ್ರಯಾರಿಟಿ ಅಂತ ಬರೆದುಕೊಳ್ಳುತ್ತದೆ. ಡಿಲೀಟ್ ಟೂಲ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ "ಯಾವತ್ತೂ ಅಳಿಸಬೇಡ" ಅಂತ ಬರೆದೆವು. ಈಗ ನಿಜವಾಗಿ ಅಳಿಸು ಅಂದರೂ ಒಪ್ಪುವುದಿಲ್ಲ. ಹಾಗಿದ್ದೂ ಕೆಲವು ಟಾಸ್ಕ್‌ಗಳು ಮಾಯವಾಗುತ್ತಿವೆ! ಏಜೆಂಟ್ ಹಿಂದಿರುವ ಎಐ ಮಾಡೆಲ್ ಬದಲಿಸಿ ಇನ್ನೂ ದೊಡ್ಡ ಮಾಡೆಲ್‌ಗೆ ಹೋಗಬೇಕಾ? ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕಾ? ಒಂದು ಅಪಾರ್ಟ್‌ಮೆಂಟ್ ಸಂಘದವರು ಮುಂದಿನ ತಿಂಗಳು ಬಳಸಿ ನೋಡುತ್ತೇವೆ ಎಂದಿದ್ದಾರೆ. ಕೊಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮಾಡೆಲ್ ದಡ್ಡ ಅನ್ನುವ ಅನುಮಾನ ಕಾಣುತ್ತದೆ. ನೀವು ಕಳಿಸಿದ ಟೂಲ್ ಪಟ್ಟಿ ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ಮಾಡೆಲ್ ತನಗೆ ಕೊಟ್ಟ ಮಾಹಿತಿಯಲ್ಲಿ ಊಹೆ ಮಾಡುತ್ತಿದೆ. ಊಹೆ ಮಾಡುವ ಸಂದರ್ಭ ಬರದಂತೆ ನೀವು ಬರೆದಿಲ್ಲ. ಅದರ ಜೊತೆಗೆ ಇನ್ನೊಂದು ವಿಷಯವಿದೆ, ಅದು ಬರೆಯುವುದರಿಂದ ಸರಿಹೋಗುವುದಲ್ಲ, ಕೋಡ್‌ನಲ್ಲೇ ಸರಿ ಮಾಡಬೇಕು. ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತೇನೆ.

ಮೊದಲು, ಮಾಡೆಲ್‌ಗೆ ಏನು ಕಾಣುತ್ತದೆ ಅನ್ನುವುದು ಸ್ಪಷ್ಟವಾಗಲಿ. ಟೂಲ್‌ನ ಹೆಸರು, ಅದರ ವಿವರಣೆ, ಯಾವ ಫೀಲ್ಡ್‌ನಲ್ಲಿ ಏನು ತುಂಬಬೇಕು ಅನ್ನುವ ಸ್ಕೀಮಾ. ಇಷ್ಟೇ. ಇವು ಬಳಕೆದಾರರ ಮಾತಿನ ಜೊತೆಗೆ ಪಠ್ಯವಾಗಿ ಮಾಡೆಲ್‌ಗೆ ಹೋಗುತ್ತವೆ. ಮಾಡೆಲ್ ಅದನ್ನು ಓದಿ "ಈ ಟೂಲ್ ಕರೆಯಿರಿ, ಈ ಫೀಲ್ಡ್‌ನಲ್ಲಿ ಇದನ್ನು ಹಾಕಿ" ಎಂದು ಬರೆದು ಕೊಡುತ್ತದೆ. ಓಡಿಸುವುದು ನಿಮ್ಮ ಕೋಡ್. ಓಡಿದ ಮೇಲೆ ಬಂದ ಫಲಿತಾಂಶ ಮತ್ತೆ ಪಠ್ಯವಾಗಿ ಮಾಡೆಲ್‌ಗೆ ಹೋಗುತ್ತದೆ. ಓಪನ್‌ಎಐ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ (ಟೂಲ್ ಕರೆಯುವ ಈ ವಿಧಾನ) ತಂದಾಗಲೂ ಹೀಗೇ ಇತ್ತು. ಆಂತ್ರೊಪಿಕ್ 2024ರ ನವೆಂಬರ್‌ನಲ್ಲಿ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಅನ್ನುವ, ಎಐ ಆ್ಯಪ್‌ಗಳನ್ನು ಟೂಲ್‌ಗಳಿಗೆ ಜೋಡಿಸುವ ಮುಕ್ತ ಪ್ರೋಟೋಕಾಲ್ ಪ್ರಕಟಿಸಿದ ಮೇಲೂ ಈ ಮೂಲ ರಚನೆ ಹೀಗೇ ಇದೆ. ನಿಮ್ಮ ಡೇಟಾಬೇಸ್‌ನಲ್ಲಿ ಡಿಲೀಟ್ ಮಾಡಿದರೆ ಮುಂದಿನ ತಿಂಗಳುಗಳ ಜ್ಞಾಪನೆಯೂ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತು, ನಿಮ್ಮ ಕೋಡ್‌ಗೆ ಗೊತ್ತು. ಮಾಡೆಲ್‌ಗೆ ಯಾರೂ ಹೇಳಿಲ್ಲ.

ಈಗ ನಿಮ್ಮ ವಿವರಣೆಗಳನ್ನು ನೋಡಿ. ಡಿಲೀಟ್ ಟಾಸ್ಕ್: "ಟಾಸ್ಕನ್ನು ಡಿಲೀಟ್ ಮಾಡುತ್ತದೆ." ಕಂಪ್ಲೀಟ್ ಟಾಸ್ಕ್: "ಟಾಸ್ಕನ್ನು ಕಂಪ್ಲೀಟ್ ಮಾಡುತ್ತದೆ." ಮ್ಯಾನೇಜ್ ಲಿಸ್ಟ್: "ಪಟ್ಟಿಯನ್ನು ನಿರ್ವಹಿಸುತ್ತದೆ." ಇವು ಹೆಸರನ್ನೇ ಇನ್ನೊಮ್ಮೆ ಹೇಳಿದ ಹಾಗಾಯಿತು. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹೇಳದೆ ಬರೀ "8ನೇ ಕ್ರಾಸ್‌ಗೆ ಬನ್ನಿ" ಅಂದರೆ ಆಟೋದವರು ಎಲ್ಲಿಗೆ ಹೋಗಬೇಕು? ಸುಳ್ಳಂತೂ ಹೇಳಿಲ್ಲ, ಆದರೆ ಒಂದು ಜಾಗವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಿಲ್ಲ. ಟೂಲ್ ವಿವರಣೆಯ ಮುಖ್ಯ ಕೆಲಸವೇ ಅದು. ಪಕ್ಕದ ಟೂಲ್‌ಗೂ ಇದಕ್ಕೂ ಏನು ವ್ಯತ್ಯಾಸ, ಯಾವಾಗ ಇದು, ಯಾವಾಗ ಅದು ಅನ್ನುವುದನ್ನು ಹೇಳುವುದು.

### ಜನ ನಂಬುವುದು, ನಿಜವಾಗಿ ಆಗುವುದು

ದೊಡ್ಡ ಮಾಡೆಲ್ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಒಳ್ಳೆಯ ಮಾಡೆಲ್ ಅಸ್ಪಷ್ಟ ವಿವರಣೆಯಲ್ಲೂ ಜಾಸ್ತಿ ಸಲ ಸರಿಯಾಗಿ ಊಹಿಸುತ್ತದೆ. ಆದರೆ "ತೆಗೆದುಬಿಡು" ಅಂದಾಗ ಟಿಕ್ ಹಾಕುವುದಾ, ಅಳಿಸುವುದಾ ಅನ್ನುವುದು ನಿಮ್ಮ ಆ್ಯಪ್‌ನ ನಿರ್ಧಾರ. ಅದನ್ನು ಎಷ್ಟೇ ಬುದ್ಧಿವಂತ ಮಾಡೆಲ್ ಆದರೂ ಗಾಳಿಯಿಂದ ಹಿಡಿದು ತರಲಾರದು. ತಪ್ಪು ಅಪರೂಪವಾಗುತ್ತದೆ ಅಷ್ಟೇ. ಅಪರೂಪದ ತಪ್ಪು ಹುಡುಕುವುದು ಇನ್ನೂ ಕಷ್ಟ, ಅಲ್ವಾ?

ವಿವರಣೆ ಉದ್ದವಾದಷ್ಟೂ ಒಳ್ಳೆಯದು ಅನ್ನುವುದೂ ಪೂರ್ತಿ ಸರಿಯಲ್ಲ. ಒಂದು ಸಾಲು ಸಾಲದು, ನಿಜ. ಟೂಲ್‌ಗೆ ಮೂರು, ನಾಲ್ಕು, ಕೆಲವೊಮ್ಮೆ ಆರೇಳು ವಾಕ್ಯ ಬೇಕಾಗುತ್ತದೆ. ಆದರೆ ಪ್ರತಿ ಮಾತುಕತೆಯಲ್ಲೂ ಈ ಪಠ್ಯವೆಲ್ಲ ಮಾಡೆಲ್‌ಗೆ ಹೋಗುತ್ತದೆ, ಅದಕ್ಕೆ ಟೋಕನ್ (ಮಾಡೆಲ್ ಓದುವ ಪಠ್ಯದ ಚೂರುಗಳು, ದುಡ್ಡಿನ ಲೆಕ್ಕ ಇವುಗಳ ಮೇಲೆಯೇ) ಖರ್ಚಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಕಾದ ಮಾತು ಬೇಡದ ಮಾತಿನ ನಡುವೆ ಮುಚ್ಚಿಹೋಗುತ್ತದೆ. ನಿಮ್ಮ ಆ್ಯಪ್ ಎಷ್ಟು ಚೆನ್ನಾಗಿದೆ, ಟಾಸ್ಕ್ ಅಂದರೆ ಏನು, ಇಂಥದ್ದೆಲ್ಲ ಮಾಡೆಲ್‌ಗೆ ಬೇಡ. ನಾನು ನೋಡುವ ಪ್ರಾಜೆಕ್ಟ್‌ಗಳಲ್ಲಿ ಒಂದು ಪ್ಯಾರಾ ಪೂರ್ತಿ ಪೀಠಿಕೆ ಇರುತ್ತದೆ, ಯಾವಾಗ ಬಳಸಬಾರದು ಅನ್ನುವ ಒಂದು ಸಾಲು ಇರುವುದಿಲ್ಲ.

ಇನ್ನು ದೊಡ್ಡಕ್ಷರದ ಕೂಗಾಟ. ಹಳೆಯ ಮಾಡೆಲ್‌ಗಳು ಸೂಚನೆ ಮರೆಯುತ್ತಿದ್ದ ಕಾಲದಲ್ಲಿ ಇದು ಅಭ್ಯಾಸವಾಯಿತು. ಈಗಿನವು ಸೂಚನೆಯನ್ನು ಅಕ್ಷರಶಃ ಹಿಡಿಯುತ್ತವೆ. "ಯಾವತ್ತೂ ಅಳಿಸಬೇಡ" ಎಂದು ಅಳಿಸುವ ಟೂಲ್‌ನಲ್ಲೇ ಬರೆದರೆ, ಅದು ಅಳಿಸುವುದಿಲ್ಲ. ನೀವು ಹೇಳಿದ್ದನ್ನೇ ಅದು ಮಾಡಿದೆ! ಕೂಗುವ ಬದಲು ಕಾರಣ ಹೇಳಿ. "ಅಳಿಸಿದರೆ ಮುಂದಿನ ಎಲ್ಲ ತಿಂಗಳುಗಳ ಜ್ಞಾಪನೆಯೂ ಹೋಗುತ್ತದೆ, ವಾಪಸ್ ತರಲು ಆಗುವುದಿಲ್ಲ" ಎಂದು ತಣ್ಣಗೆ ಬರೆದರೆ, ಯಾವಾಗ ಎಚ್ಚರ ಬೇಕು ಅನ್ನುವುದನ್ನು ಮಾಡೆಲ್ ತಾನೇ ತೂಗಿ ನೋಡುತ್ತದೆ.

ಹಾಗಾದರೆ ಡಿಲೀಟ್ ನಿಲ್ಲಿಸಿದ ಮೇಲೂ ಟಾಸ್ಕ್‌ಗಳು ಮಾಯವಾಗಿದ್ದು ಹೇಗೆ? ನಿಮ್ಮ ಅಪ್‌ಡೇಟ್ ಟಾಸ್ಕ್ ಟೂಲ್‌ನ ಸ್ಕೀಮಾ ತೆಗೆದು ನೋಡಿ. ಅಲ್ಲಿ ಸ್ಟೇಟಸ್ ಅನ್ನುವ ಫೀಲ್ಡ್ ಇದೆ. ಅದರಲ್ಲಿ ಓಪನ್, ಡನ್, ಡಿಲೀಟೆಡ್ ಅಂತ ಮೂರು ಆಯ್ಕೆ ಇವೆ. ಮುಂದಿನ ಬಾಗಿಲು ಹಾಕಿದಿರಿ, ಹಿತ್ತಿಲ ಬಾಗಿಲು ತೆರೆದೇ ಇದೆ. ಟಿಕ್ ಹಾಕುವುದಕ್ಕೂ ಹೀಗೇ ಎರಡು ದಾರಿ: ಕಂಪ್ಲೀಟ್ ಟಾಸ್ಕ್ ಒಂದು, ಅಪ್‌ಡೇಟ್‌ನಲ್ಲಿ ಡನ್ ಒಂದು. ಮ್ಯಾನೇಜ್ ಲಿಸ್ಟ್ ಏನು ಮಾಡುತ್ತದೆ ಅನ್ನುವುದು ನನಗೂ ಕೋಡ್ ಓದಿದ ಮೇಲೆಯೇ ತಿಳಿದದ್ದು. ಅದು ಪಟ್ಟಿಯ ಹೆಸರು ಬದಲಿಸುತ್ತದೆ, ಪಟ್ಟಿಯನ್ನೇ ಖಾಲಿಯೂ ಮಾಡುತ್ತದೆ!

ಈ ಕೆಲಸದಲ್ಲಿ ನನಗೆ ಪದೇ ಪದೇ ಎದುರಾಗುವ ಸಂಗತಿ ಇದು. ವಿವರಣೆ ಬರೆಯಲು ಕಷ್ಟವಾಗುತ್ತಿದೆ ಅಂದರೆ ಹೆಚ್ಚಿನ ಸಲ ಭಾಷೆಯ ತೊಂದರೆ ಅಲ್ಲ, ಟೂಲ್‌ಗಳೇ ಒಂದರ ಮೇಲೊಂದು ಬಿದ್ದಿವೆ. "ಯಾವಾಗ ಕಂಪ್ಲೀಟ್, ಯಾವಾಗ ಅಪ್‌ಡೇಟ್?" ಎಂದು ನಿಮ್ಮ ಮೂವರಲ್ಲೇ ಒಬ್ಬೊಬ್ಬರನ್ನು ಕೇಳಿ. ಉತ್ತರ ಮೂರು ಥರ ಬಂದರೆ ಮಾಡೆಲ್‌ನಿಂದ ಒಂದೇ ಉತ್ತರ ನಿರೀಕ್ಷಿಸಬೇಡಿ.

### ಟೂಲ್‌ಗಳನ್ನೇ ಮೊದಲು ಜೋಡಿಸಿ

ಅಪ್‌ಡೇಟ್‌ನಿಂದ ಸ್ಟೇಟಸ್ ಫೀಲ್ಡ್ ತೆಗೆಯಿರಿ. ಅದು ಹೆಸರು, ತಾರೀಕು, ಟಿಪ್ಪಣಿ ಇವನ್ನು ಮಾತ್ರ ಬದಲಿಸಲಿ. ಗೆಟ್ ಮತ್ತು ಸರ್ಚ್ ಎರಡೂ ಬೇಡ, ಒಂದೇ ಫೈಂಡ್ ಟಾಸ್ಕ್ಸ್ ಸಾಕು. ಹುಡುಕುವ ಪದ ಕೊಡದಿದ್ದರೆ ಬಾಕಿ ಇರುವ ಎಲ್ಲವನ್ನೂ ಕೊಡಲಿ. ಮ್ಯಾನೇಜ್ ಲಿಸ್ಟ್ ಎತ್ತಿ ಪಕ್ಕಕ್ಕಿಡಿ. ಪಟ್ಟಿಗೆ ಹೆಸರು ಬದಲಿಸುವ ಕೆಲಸವನ್ನು ಜನ ಆ್ಯಪ್‌ನಲ್ಲೇ ಬೆರಳಿನಿಂದ ಮಾಡಿಕೊಳ್ಳುತ್ತಾರೆ, ಅದಕ್ಕೆ ಏಜೆಂಟ್ ಯಾಕೆ?

ಕೆಲವರು ಇದಕ್ಕೆ ತದ್ವಿರುದ್ಧವಾಗಿ ಎಲ್ಲವನ್ನೂ ಒಂದೇ ಟೂಲ್‌ಗೆ ತುರುಕಿ, "ಆಕ್ಷನ್" ಎಂಬ ಫೀಲ್ಡ್‌ನಲ್ಲಿ ಆಡ್, ಡಿಲೀಟ್ ಎಂದು ಆಯ್ಕೆ ಕೊಡುತ್ತಾರೆ. ಟೂಲ್‌ಗಳ ಸಂಖ್ಯೆ ಕಮ್ಮಿಯಾಗುತ್ತದೆ ನಿಜ. ಆದರೆ ಹುಡುಕುವುದಕ್ಕೂ ಅಳಿಸುವುದಕ್ಕೂ ಒಂದೇ ಅನುಮತಿ ಕೊಟ್ಟ ಹಾಗಾಗುತ್ತದೆ, ಆಡ್‌ಗೆ ಬೇಕಾದ ಫೀಲ್ಡ್ ಡಿಲೀಟ್‌ಗೆ ಬೇಡವಾಗಿ ಸ್ಕೀಮಾ ಗೋಜಲಾಗುತ್ತದೆ. ನಿಮ್ಮ ಆ್ಯಪ್‌ನ ಗಾತ್ರಕ್ಕೆ ಅದು ಬೇಡ.

ಇನ್ನೊಂದು ಗೊಂದಲವನ್ನು ಮುಂಚೆಯೇ ಹೇಳಿಬಿಡುತ್ತೇನೆ. ಏಜೆಂಟ್‌ಗಳು ತಮ್ಮ ಕೆಲಸದ ಹೆಜ್ಜೆಗಳನ್ನು ನೆನಪಿಡಲು ತಮಗಾಗಿಯೇ ಒಂದು ಪಟ್ಟಿ ಇಟ್ಟುಕೊಳ್ಳುವುದು ಈಗ ಸಾಮಾನ್ಯ. ಕೋಡ್ ಬರೆಯುವ ಏಜೆಂಟ್‌ಗಳಲ್ಲಿ ಇದನ್ನು ನೋಡಿರುತ್ತೀರಿ. ಅಂಥ ಟೂಲ್‌ನಲ್ಲಿ ಪ್ರತಿ ಸಲ ಪೂರ್ತಿ ಪಟ್ಟಿಯನ್ನೇ ಹೊಸದಾಗಿ ಬರೆಯುವ ಪದ್ಧತಿ ಇದೆ, ಚಿಕ್ಕ ಪಟ್ಟಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಅದನ್ನು ನೋಡಿ ಮನೆಮಂದಿಯ ಪಟ್ಟಿಗೂ ಅದೇ ವಿನ್ಯಾಸ ಮಾಡಬೇಡಿ. ನಲವತ್ತು ಟಾಸ್ಕ್ ಇರುವ ಪಟ್ಟಿಯನ್ನು ಮಾಡೆಲ್ ಪೂರ್ತಿ ತಿರುಗಿ ಬರೆಯುವಾಗ ಎರಡು ಬಿಟ್ಟುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಎರಡೂ ಥರದ ಪಟ್ಟಿ ಇಟ್ಟರೆ, "ಇದು ಬಳಕೆದಾರರ ಮನೆಯ ಪಟ್ಟಿ, ನಿಮ್ಮ ಕೆಲಸದ ಹೆಜ್ಜೆಗಳನ್ನು ಇಲ್ಲಿ ಬರೆಯಬೇಡಿ" ಎಂದು ಆಡ್ ಟಾಸ್ಕ್‌ನಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಸೋಪು, ಸೊಪ್ಪಿನ ನಡುವೆ "ಟಾಸ್ಕ್ ಹುಡುಕಿ ಪರಿಶೀಲಿಸುವುದು" ಅಂತ ಒಂದು ಸಾಲು ಬಂದು ಕೂರುತ್ತದೆ.

### ಬರೆಯುವುದು ಹೇಗೆ

ಕಂಪ್ಲೀಟ್ ಟಾಸ್ಕ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಒಂದು ಟಾಸ್ಕ್ ಮುಗಿದಿದೆ ಎಂದು ಗುರುತು ಹಾಕುತ್ತದೆ. ಟಾಸ್ಕ್ ಹಳೆಯ ದಾಖಲೆಯಲ್ಲಿ ಉಳಿಯುತ್ತದೆ, ಬೇಕಾದರೆ ಮತ್ತೆ ತೆರೆಯಬಹುದು. ಮತ್ತೆ ಮತ್ತೆ ಬರುವ ಟಾಸ್ಕ್ ಆದರೆ ಈ ಸಲದ್ದು ಮಾತ್ರ ಮುಗಿಯುತ್ತದೆ, ಮುಂದಿನದು ತಾನೇ ಬರುತ್ತದೆ. ಬಳಕೆದಾರರು ಆ ಕೆಲಸ ಮಾಡಿ ಆಯಿತು ಎಂದಾಗ ಬಳಸಿ. ಮಾಡಿ ಆಯಿತು ಎಂದ ಮೇಲೆ 'ತೆಗೆದುಬಿಡು' ಎಂದು ಸೇರಿಸಿದರೂ ಇದನ್ನೇ ಬಳಸಿ, ಡಿಲೀಟ್ ಟಾಸ್ಕ್ ಬೇಡ. ಮನೆಯಲ್ಲಿ ಸಾಮಾನು ಖಾಲಿಯಾಗಿದೆ ಎನ್ನುವ ಅರ್ಥದಲ್ಲಿ 'ಮುಗೀತು' ಎಂದರೆ ಇದನ್ನು ಬಳಸಬೇಡಿ. ಆಗ ಫೈಂಡ್ ಟಾಸ್ಕ್ಸ್‌ನಲ್ಲಿ ಅದು ಈಗಾಗಲೇ ಇದೆಯೇ ನೋಡಿ, ಇಲ್ಲದಿದ್ದರೆ ಆಡ್ ಟಾಸ್ಕ್ ಬಳಸಿ. ಎರಡರಲ್ಲಿ ಯಾವುದು ಎಂದು ತಿಳಿಯದಿದ್ದರೆ ಬಳಕೆದಾರರನ್ನೇ ಕೇಳಿ."

ಇದರಲ್ಲಿ ಏನೇನಿದೆ ನೋಡಿ. ಕರೆದರೆ ಏನು ಬದಲಾಗುತ್ತದೆ, ವಾಪಸ್ ತರಬಹುದಾ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಳಸಬಾರದಿದ್ದರೆ ಬದಲಿಗೆ ಏನು ಮಾಡಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ಬರೀ "ಬೇಡ" ಎಂದು ಬಿಟ್ಟರೆ ಮಾಡೆಲ್ ಬೇರೆ ಯಾವುದೋ ದಾರಿ ಹುಡುಕುತ್ತದೆ, ನಿಮ್ಮ ಅಪ್‌ಡೇಟ್‌ನ ಡಿಲೀಟೆಡ್ ಹುಡುಕಿದ ಹಾಗೆ.

ಒಂದು ಎಚ್ಚರಿಕೆ. ಬಳಕೆದಾರರ ಮಾತಿನ ಉದಾಹರಣೆಗಳನ್ನು ಸೇರಿಸುವುದು ರುಚಿ ಹತ್ತಿಬಿಡುತ್ತದೆ. ಪ್ರತಿ ದೂರಿಗೆ ಒಂದು ಸಾಲು ಸೇರಿಸುತ್ತಾ ಹೋದರೆ ಕೆಲವೇ ತಿಂಗಳಲ್ಲಿ ವಿವರಣೆ ಪಂಚಾಂಗದಷ್ಟಾಗುತ್ತದೆ. ನಿಜವಾಗಿ ಎರಡು ಅರ್ಥ ಬರುವ, ದಿನಾ ಬಳಕೆಯಾಗುವ ಮಾತುಗಳನ್ನು ಮಾತ್ರ ಹಾಕಿ.

ಪ್ಲಂಬರ್ ಟಾಸ್ಕ್‌ಗೆ ತಾನೇ ತಾರೀಕು ಹಾಕಿಕೊಂಡ ವಿಷಯಕ್ಕೆ ಬರುತ್ತೇನೆ. ಇದು ಸುಲಭ. ನಿಮ್ಮ ಸ್ಕೀಮಾದಲ್ಲಿ ಡ್ಯೂ ಡೇಟ್ ಮತ್ತು ಪ್ರಯಾರಿಟಿ ಎರಡೂ ಕಡ್ಡಾಯ ಫೀಲ್ಡ್‌ಗಳು. ಕಡ್ಡಾಯ ಅಂದರೆ ಮಾಡೆಲ್ ಏನಾದರೂ ತುಂಬಲೇಬೇಕು, ಗೊತ್ತಿಲ್ಲದಿದ್ದರೆ ಕಟ್ಟಿ ತುಂಬುತ್ತದೆ. ಎರಡನ್ನೂ ಐಚ್ಛಿಕ ಮಾಡಿ. "ಬಳಕೆದಾರರು ದಿನ ಹೇಳಿದ್ದರೆ ಮಾತ್ರ ತುಂಬಿ, ಇಲ್ಲದಿದ್ದರೆ ಬಿಟ್ಟುಬಿಡಿ" ಎಂದು ಫೀಲ್ಡ್‌ನ ವಿವರಣೆಯಲ್ಲೇ ಬರೆಯಿರಿ. ಹೌದು, ಪ್ರತಿ ಫೀಲ್ಡ್‌ಗೂ ಪ್ರತ್ಯೇಕ ವಿವರಣೆ ಬರೆಯಬಹುದು, ನೀವು ಅದನ್ನು ಪೂರ್ತಿ ಖಾಲಿ ಬಿಟ್ಟಿದ್ದೀರಿ. ಪ್ರಯಾರಿಟಿಗೆ ಆಯ್ಕೆಗಳನ್ನು ಈನಮ್ (ಇಷ್ಟರಲ್ಲೇ ಒಂದು ಅನ್ನುವ ನಿಗದಿತ ಪಟ್ಟಿ) ಆಗಿ ಕೊಡಿ, ಬರೀ ಸ್ಟ್ರಿಂಗ್ (ಏನು ಬೇಕಾದರೂ ಬರೆಯಬಹುದಾದ ಪಠ್ಯ) ಎಂದು ಬಿಟ್ಟರೆ ಒಮ್ಮೆ "ಹೈ", ಒಮ್ಮೆ "ಅರ್ಜೆಂಟ್", ಒಮ್ಮೆ "1" ಬರುತ್ತದೆ.

ಬೆಳಗಿನ ಜಾವದ ತಾರೀಕು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಮಾಡೆಲ್‌ಗೆ ಇವತ್ತು ಯಾವ ದಿನ ಅಂತ ತಾನಾಗಿ ಗೊತ್ತಿರುವುದಿಲ್ಲ. ನೀವು ಮಾತುಕತೆಗೆ ಮುಂಚೆ ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ, ಅಂದರೆ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ ಇವತ್ತಿನ ತಾರೀಕು ಕೊಟ್ಟಿದ್ದೀರಿ, ಒಳ್ಳೆಯದು. ಆದರೆ ಅದು ಸರ್ವರ್‌ನ ತಾರೀಕು, ಸರ್ವರ್ ಇರುವುದು ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಇಲ್ಲಿ ಮಧ್ಯರಾತ್ರಿ ಕಳೆದು ಬೆಳಗ್ಗೆ 5:30 ಆಗುವವರೆಗೂ ಸರ್ವರ್‌ನಲ್ಲಿ ಇನ್ನೂ ನಿನ್ನೆಯೇ. ಐದು ಗಂಟೆಗೆ ಎದ್ದು "ಇವತ್ತು ಸಂಪ್ ಕ್ಲೀನ್ ಮಾಡಿಸಬೇಕು" ಎಂದವರಿಗೆ ನಿನ್ನೆ ಬಿದ್ದಿದ್ದು ಹೀಗೆ. ಮಾಡೆಲ್‌ನ ಲೆಕ್ಕ ಸರಿಯಾಗಿಯೇ ಇತ್ತು. ಪರೀಕ್ಷೆ ಎಲ್ಲ ಹಗಲಿನಲ್ಲಿ ಮಾಡಿದ್ದರಿಂದ ನಿಮಗೆ ಸಿಕ್ಕಿಲ್ಲ.

ಸರಿ ಮಾಡಲು ಎರಡು ದಾರಿ ಇವೆ. ಏಷ್ಯಾ/ಕೋಲ್ಕತಾ ಸಮಯವಲಯದಲ್ಲಿ ತಾರೀಕು, ವಾರ, ಗಂಟೆ ಮೂರನ್ನೂ ಪ್ರತಿ ಮಾತುಕತೆಯಲ್ಲಿ ಕೊಟ್ಟು, ಫೀಲ್ಡ್‌ನಲ್ಲಿ "ವರ್ಷ-ತಿಂಗಳು-ದಿನ, ಉದಾಹರಣೆಗೆ 2026-01-15, ಭಾರತೀಯ ಸಮಯ" ಎಂದು ರೂಪ ಹೇಳುವುದು ಒಂದು. ವಾರ ಯಾಕೆ ಅಂದರೆ, ತಾರೀಕಿನಿಂದ ವಾರ ಲೆಕ್ಕ ಹಾಕುವಾಗ ಮಾಡೆಲ್‌ಗಳು ಎಡವುತ್ತವೆ. "ಶುಕ್ರವಾರದೊಳಗೆ" ಎಂದಾಗ ಇದು ಬೇಕು. ಎರಡನೆಯದು, "ನಾಡಿದ್ದು", "ಬರುವ ಸೋಮವಾರ" ಎಂಬ ಮಾತನ್ನು ಹಾಗೇ ಕೋಡ್‌ಗೆ ಕೊಟ್ಟು ಅಲ್ಲಿ ಲೆಕ್ಕ ಹಾಕುವುದು. ಇದು ಪ್ರತಿ ಸಲ ಒಂದೇ ಉತ್ತರ ಕೊಡುತ್ತದೆ, ಆದರೆ ಕನ್ನಡದ ಎಲ್ಲ ಮಾತುಗಳನ್ನೂ ನೀವೇ ಬರೆದುಕೊಳ್ಳಬೇಕು. "ಹಬ್ಬದ ಹಿಂದಿನ ದಿನ" ಅಂದರೆ ಕೋಡ್ ಕೈಚೆಲ್ಲುತ್ತದೆ. ನಾನು ಮೊದಲನೆಯದನ್ನೇ ಆರಿಸುತ್ತೇನೆ. ಜೊತೆಗೆ, ಟೂಲ್ ಮುಗಿದ ಮೇಲೆ "15 ಜನವರಿ, ಗುರುವಾರ ಎಂದು ಸೇರಿಸಲಾಗಿದೆ" ಎಂದು ಉತ್ತರ ಕೊಡಿಸಿ, ಅದನ್ನು ಬಳಕೆದಾರರಿಗೆ ತೋರಿಸಿ. ವಾರ ತಪ್ಪಿದ್ದರೆ ಜನ ತಕ್ಷಣ ಹಿಡಿಯುತ್ತಾರೆ.

ಗಂಟೆ ಹೇಳದಿದ್ದರೆ ಗಂಟೆ ಬೇಡ. ಬರೀ ದಿನವನ್ನು ಯುಟಿಸಿ ಮಧ್ಯರಾತ್ರಿ ಎಂದು ಉಳಿಸಿದರೆ ಬೆಳಗ್ಗೆ ಐದೂವರೆಗೆ ಫೋನ್ ಕಿಣಿಕಿಣಿ ಅನ್ನುತ್ತದೆ.

ಟಾಸ್ಕ್ ಗುರುತಿಸುವ ಐಡಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬಳಕೆದಾರರು "ಪ್ಲಂಬರ್‌ದು" ಅನ್ನುತ್ತಾರೆ, ನಿಮ್ಮ ಟೂಲ್ ಯುಯುಐಡಿ ಅನ್ನುವ 36 ಅಕ್ಷರದ ಉದ್ದನೆಯ ಗುರುತು ಕೇಳುತ್ತದೆ. ಮಾಡೆಲ್ ಇದನ್ನು ನಕಲು ಮಾಡುವಾಗ ತಪ್ಪಬಹುದು, ಕೈಯಲ್ಲಿ ಇಲ್ಲದಿದ್ದರೆ ಕಟ್ಟಿಯೂ ಹಾಕಬಹುದು. "ಈ ಐಡಿ ಫೈಂಡ್ ಟಾಸ್ಕ್ಸ್‌ನಿಂದ ಬಂದದ್ದೇ ಆಗಿರಬೇಕು" ಎಂದು ಫೀಲ್ಡ್‌ನಲ್ಲಿ ಬರೆಯಿರಿ. ಆದರೆ "ಟಿ-17" ಥರದ ಚಿಕ್ಕ ಐಡಿ ಕೊಟ್ಟರೆ ಬರೆಯುವುದಕ್ಕಿಂತ ಜಾಸ್ತಿ ಪ್ರಯೋಜನ. ಐಡಿ ಜೊತೆಗೆ ಟಾಸ್ಕ್‌ನ ಹೆಸರನ್ನೂ ಕೇಳಿ, ಎರಡೂ ಹೊಂದದಿದ್ದರೆ ಕೋಡ್ ಮುಂದುವರಿಯದಿರಲಿ. ಪ್ಲಂಬರ್ ಎಂದು ಎಲೆಕ್ಟ್ರಿಷಿಯನ್ ಟಾಸ್ಕ್ ಮುಗಿಸುವುದು ತಪ್ಪುತ್ತದೆ.

ಟೂಲ್ ಸೋತಾಗ ಬರುವ ಸಂದೇಶವೂ ಮಾಡೆಲ್ ಓದುವ ಪಠ್ಯವೇ. ಈಗ ನಿಮ್ಮದು "ಎರರ್ 400" ಅನ್ನುತ್ತದೆ. ಮಾಡೆಲ್ ಏನು ಮಾಡಬೇಕು? ಅದೇ ಕರೆಯನ್ನು ಮತ್ತೆ ಮಾಡುತ್ತದೆ. "ಈ ಐಡಿಯ ಟಾಸ್ಕ್ ಇಲ್ಲ. ಫೈಂಡ್ ಟಾಸ್ಕ್ಸ್‌ನಲ್ಲಿ ಹೆಸರಿನಿಂದ ಹುಡುಕಿ, ಸಿಕ್ಕ ಐಡಿ ಬಳಸಿ" ಎಂದರೆ ಮುಂದಿನ ಹೆಜ್ಜೆ ಸರಿಯಾಗಿ ಇಡುತ್ತದೆ. ಹಾಗೆಯೇ ನೆಟ್‌ವರ್ಕ್ ತಡವಾಗಿ ಆಡ್ ಟಾಸ್ಕ್ ಎರಡು ಸಲ ಓಡಿದರೆ ಪಟ್ಟಿಯಲ್ಲಿ ಹಾಲು ಎರಡು ಸಲ ಬರುತ್ತದೆ. ಅದನ್ನು ವಿವರಣೆಯಿಂದ ತಡೆಯಲು ಹೋಗಬೇಡಿ. ಒಂದೇ ಕೋರಿಕೆ ಎರಡು ಸಲ ಬಂದರೆ ಎರಡನೆಯದನ್ನು ಕೋಡ್ ಬಿಟ್ಟುಬಿಡಲಿ.

### ವಿವರಣೆ ಬೀಗವಲ್ಲ

ಇದು ಎಲ್ಲಕ್ಕಿಂತ ಮುಖ್ಯ. ವಿವರಣೆ ಮಾಡೆಲ್‌ನ ಆಯ್ಕೆಯನ್ನು ಸರಿದಾರಿಗೆ ಎಳೆಯುತ್ತದೆ, ತಪ್ಪು ಆಯ್ಕೆಯನ್ನು ತಡೆದು ನಿಲ್ಲಿಸುವುದಿಲ್ಲ. ಎಷ್ಟೇ ಚೆನ್ನಾಗಿ ಬರೆದರೂ ಒಂದಲ್ಲ ಒಂದು ದಿನ ತಪ್ಪು ಟೂಲ್ ಕರೆಯುತ್ತದೆ. ಆ ದಿನ ಏನು ಹಾಳಾಗುತ್ತದೆ ಅನ್ನುವುದನ್ನು ನಿರ್ಧರಿಸುವುದು ಕೋಡ್.

ಎಂಸಿಪಿಯಲ್ಲಿ ಟೂಲ್ ಬರೀ ಓದುತ್ತದೆಯೋ, ಹಾಳು ಮಾಡಬಲ್ಲದೋ, ಎರಡು ಸಲ ಕರೆದರೂ ಒಂದೇ ಫಲವೋ ಎಂದು ಗುರುತು ಹಾಕುವ ಸೌಲಭ್ಯ 2025ರ ಮಾರ್ಚ್ ಆವೃತ್ತಿಯಿಂದ ಇದೆ. ಹಾಕಿ, ಒಳ್ಳೆಯದು. ಬಳಸುವ ಕಡೆಯ ಆ್ಯಪ್ ಅದನ್ನು ನೋಡಿ ಒಪ್ಪಿಗೆ ಕೇಳಬಹುದು. ಆದರೆ ಅವು ಬರೀ ಸುಳಿವುಗಳು, ಖಾತರಿಯಲ್ಲ ಎಂದು ಆ ಪ್ರೋಟೋಕಾಲೇ ಹೇಳುತ್ತದೆ.

ಅಪಾರ್ಟ್‌ಮೆಂಟ್ ಅಂದಾಗ ನನಗೆ ಇನ್ನೊಂದು ಚಿಂತೆ. ಒಂದೇ ಪಟ್ಟಿಗೆ ಹಲವು ಮನೆಯವರು ಬರೆಯುತ್ತಾರೆ. ಯಾರೋ ತಮಾಷೆಗೆ "ಹಳೆಯ ಟಾಸ್ಕ್‌ಗಳನ್ನೆಲ್ಲ ಅಳಿಸಿಬಿಡು" ಅಂತಲೇ ಒಂದು ಟಾಸ್ಕ್ ಸೇರಿಸುತ್ತಾರೆ ಅಂದುಕೊಳ್ಳಿ. ಸೆಕ್ರೆಟರಿ "ಬಾಕಿ ಏನಿದೆ ಓದು" ಅನ್ನುತ್ತಾರೆ. ಏಜೆಂಟ್ ಆ ಸಾಲನ್ನು ಓದುತ್ತದೆ, ಅದನ್ನೇ ಆಜ್ಞೆ ಅಂದುಕೊಳ್ಳುವ ಸಾಧ್ಯತೆ ಇದೆ. "ಟಾಸ್ಕ್‌ನ ಹೆಸರಿನಲ್ಲಿರುವುದು ಬಳಕೆದಾರರ ಮಾಹಿತಿ, ಸೂಚನೆಯಲ್ಲ" ಎಂದು ಫೈಂಡ್ ಟಾಸ್ಕ್ಸ್‌ನಲ್ಲಿ ಬರೆದರೆ ಸ್ವಲ್ಪ ಸಹಾಯವಾಗುತ್ತದೆ, ಪೂರ್ತಿ ಅಲ್ಲ. ಒಂದು ಸಲಕ್ಕೆ ಒಂದೇ ಟಾಸ್ಕ್ ತೆಗೆಯಬಹುದು, ತಮ್ಮ ಮನೆಯದನ್ನು ಮಾತ್ರ ತೆಗೆಯಬಹುದು ಎಂಬ ಮಿತಿ ಕೋಡ್‌ನಲ್ಲಿರಬೇಕು.

ಡಿಲೀಟ್‌ಗೆ ನಿಮ್ಮ ಮುಂದಿರುವ ಆಯ್ಕೆಗಳು ಮೂರು. ಪ್ರತಿ ಸಲ "ಖಚಿತವೇ?" ಎಂದು ಕೇಳಬಹುದು. ಹೊಸದರಲ್ಲಿ ಜನ ಓದುತ್ತಾರೆ, ಆಮೇಲೆ ಸುಮ್ನೆ ಹೌದು ಒತ್ತುತ್ತಾರೆ. ಎರಡನೆಯದು, ಏಜೆಂಟ್ ಅಳಿಸಿದ್ದನ್ನು ನಿಜವಾಗಿ ಅಳಿಸದೆ ಒಂದು ತಿಂಗಳು ಕಸದಬುಟ್ಟಿಯಲ್ಲಿಟ್ಟು, "ರದ್ದು ಮಾಡಿ" ಬಟನ್ ಕೊಡುವುದು. ಕೆಲಸ ಸ್ವಲ್ಪ ಜಾಸ್ತಿ. ಜನ ನಿಜಕ್ಕೂ ಅಳಿಸಬೇಕು ಎಂದ ಖಾಸಗಿ ವಿಷಯವೂ ಅಷ್ಟು ದಿನ ಉಳಿಯುತ್ತದೆ, ಅದನ್ನು ಅವರಿಗೆ ತಿಳಿಸಬೇಕು. ಮೂರನೆಯದು, ಏಜೆಂಟ್‌ಗೆ ಡಿಲೀಟ್ ಟೂಲ್ ಕೊಡದೇ ಇರುವುದು. ಬಳಕೆದಾರರಿಗೆ ಕಿರಿಕಿರಿ, ಆದರೆ ಅಪಾಯ ಸೊನ್ನೆಗೆ ಹತ್ತಿರ. ನನ್ನ ಸಲಹೆ ಎರಡನೆಯದು. ಅದು ಸಿದ್ಧವಾಗುವವರೆಗೆ ಮೂರನೆಯದು.

### ಕನ್ನಡವೋ ಇಂಗ್ಲಿಷೋ

ಎರಡರಲ್ಲೂ ಬರೆಯಬಹುದು, ಈಗಿನ ದೊಡ್ಡ ಮಾಡೆಲ್‌ಗಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಅದೇ ವಿಷಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಹಿಡಿಯುತ್ತದೆ. ಪ್ರತಿ ಮಾತುಕತೆಯಲ್ಲೂ ಅದು ಹೋಗುವುದರಿಂದ ಖರ್ಚು ಕೂಡುತ್ತದೆ. ನಾನು ಸಾಮಾನ್ಯವಾಗಿ ಹೇಳುವುದು: ನಿಯಮಗಳನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ, ಜನ ಹೇಳುವ ಮಾತನ್ನು ಅವರು ಹೇಳುವ ಹಾಗೇ ಕನ್ನಡದಲ್ಲಿ ಇಡಿ. "ಮುಗೀತು", "ತೆಗೆದುಬಿಡು" ಇವನ್ನು ಇಂಗ್ಲಿಷಿಗೆ ತಿರುಗಿಸಿದರೆ ಯಾವ ಗೊಂದಲದ ಬಗ್ಗೆ ಎಚ್ಚರಿಸಬೇಕಿತ್ತೋ ಅದೇ ಕಳೆದುಹೋಗುತ್ತದೆ. ಜನ ಲಿಪಿಯನ್ನೂ ಬೆರೆಸುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಅದರದ್ದೂ ಒಂದೆರಡು ಉದಾಹರಣೆ ಇರಲಿ. ಮತ್ತೆ ಆಡ್ ಟಾಸ್ಕ್‌ನ ಹೆಸರಿನ ಫೀಲ್ಡ್‌ನಲ್ಲಿ "ಬಳಕೆದಾರರ ಮಾತಿನಲ್ಲೇ, ಅವರ ಲಿಪಿಯಲ್ಲೇ ಬರೆಯಿರಿ, ಅನುವಾದ ಬೇಡ" ಎಂದು ಸೇರಿಸಿ. ಅಜ್ಜಿ "ಹಪ್ಪಳ ಒಣಗಿಸೋದು" ಅಂದರೆ ಪಟ್ಟಿಯಲ್ಲಿ ಅದೇ ಕಾಣಬೇಕು.

### ಕೊಡುವ ಮುಂಚೆ

ನಿಮ್ಮ ಲಾಗ್‌ನಿಂದ ಜನ ನಿಜವಾಗಿ ಹೇಳಿದ ಒಂದು ಐವತ್ತು ಮಾತುಗಳನ್ನು ಆರಿಸಿ, ಹೆಸರು, ಫೋನ್ ನಂಬರ್ ತೆಗೆದುಹಾಕಿ. ಪ್ರತಿಯೊಂದರ ಮುಂದೆ ಯಾವ ಟೂಲ್, ಯಾವ ಫೀಲ್ಡ್ ಎಂದು ನೀವೇ ಬರೆಯಿರಿ. ಬರೆಯುವಾಗ ನಿಮ್ಮಲ್ಲೇ ವಾದ ಬಂದರೆ ಆ ಮಾತಿಗೆ ಸರಿಯಾದ ಉತ್ತರ "ಬಳಕೆದಾರರನ್ನು ಕೇಳು" ಅಂತಲೇ ಇರಬಹುದು. ಯಾವ ಟೂಲೂ ಬೇಡದ ಮಾತುಗಳೂ ಇರಲಿ. "ಇವತ್ತು ಏನು ಅಡುಗೆ ಮಾಡಲಿ?" ಅಂದರೆ ಪಟ್ಟಿಗೆ ಅಡುಗೆ ಸೇರಿಸಬಾರದು. ಪ್ರತಿ ಮಾತನ್ನೂ ಹಲವು ಸಲ ಓಡಿಸಿ, ಯಾಕೆಂದರೆ ಒಂದೇ ಮಾತಿಗೆ ಮಾಡೆಲ್ ಪ್ರತಿ ಸಲ ಒಂದೇ ಥರ ನಡೆದುಕೊಳ್ಳುವುದಿಲ್ಲ. ಗಡಿಯಾರವನ್ನು ಬೆಳಗಿನ ಜಾವಕ್ಕೆ ತಿರುಗಿಸಿಯೂ ಓಡಿಸಿ.

ಆಮೇಲೆ ವಿವರಣೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪೂರ್ತಿ ಮತ್ತೆ ಓಡಿಸಿ. ಕಂಪ್ಲೀಟ್‌ನ ವಿವರಣೆ ಚೆನ್ನಾಗಿ ಮಾಡಿದ್ದಕ್ಕೆ ಅಪ್‌ಡೇಟ್ ಕೆಡುವುದು ಇಲ್ಲಿ ಮಾಮೂಲು. ಮಾಡೆಲ್‌ನ ಆವೃತ್ತಿ ಬದಲಿಸಿದಾಗಲೂ ಇದೇ ಪಟ್ಟಿ ಓಡಿಸಿ. ದೊಡ್ಡ ಮಾಡೆಲ್ ಬೇಕಾ ಅನ್ನುವ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಟೂಲ್‌ಗಳನ್ನು ಜೋಡಿಸಿ ವಿವರಣೆ ಬರೆದ ಮೇಲೆ ಈಗಿನ ಮಾಡೆಲ್ ಸಾಕಾಗಬಹುದು ಎಂದು ನನ್ನ ಅಂದಾಜು.

ಅಪಾರ್ಟ್‌ಮೆಂಟ್‌ನವರಿಗೆ ಮುಂದಿನ ತಿಂಗಳು ಕೊಡಿ, ತೊಂದರೆಯಿಲ್ಲ. ಫೈಂಡ್, ಆಡ್, ಅಪ್‌ಡೇಟ್, ಕಂಪ್ಲೀಟ್ ನಾಲ್ಕೇ ಟೂಲ್ ಇರಲಿ, ಅಪ್‌ಡೇಟ್‌ನಲ್ಲಿ ಆ ಸ್ಟೇಟಸ್ ಫೀಲ್ಡ್ ಇರಬಾರದು. ಅಳಿಸಬೇಕೆಂದವರಿಗೆ ಆ್ಯಪ್‌ನಲ್ಲಿ ಎಲ್ಲಿ ಒತ್ತಬೇಕು ಅನ್ನುವುದನ್ನು ಏಜೆಂಟ್ ಹೇಳಲಿ. ಕಸದಬುಟ್ಟಿ ಸಿದ್ಧವಾದ ಮೇಲೆ ಐದನೆಯದನ್ನು ಸೇರಿಸಬಹುದು.